ಎಲುಬಿನ ಹತ್ತಿರದ ಕೆಂಪು

“ಗುರುಗಳೇ, ತಾಳ್ಮೆಯೂ ಹಳಸುತ್ತದೆಯೇ?” ಎಂದು ಸಣ್ಣಯ್ಯ ಕೇಳಿದ.

ಸಣ್ಣಯ್ಯ ದರ್ಜಿ. ವಾರಕ್ಕೊಮ್ಮೆ ಮಠಕ್ಕೆ ಬಂದು ಗುರುಗಳ ಬಳಿ ಕೂರುತ್ತಿದ್ದ. ಪ್ರಶ್ನೆ ಕೇಳುವ ಅಭ್ಯಾಸ ಅವನಿಗಿರಲಿಲ್ಲ. ಅಂದು ಅವನ ಪಕ್ಕದಲ್ಲಿ ಒಂದು ಜೊತೆ ಮೊರ ಇತ್ತು. ಒಂದರ ಮೇಲೊಂದು ಮುಚ್ಚಿ, ಅರಿಶಿನದ ನೂಲಿನಿಂದ ಕಟ್ಟಿದ ಗೌರಿ ಬಾಗಿನ.

“ಯಾರ ತಾಳ್ಮೆ?” ಎಂದರು ಗುರುಗಳು.

“ನನ್ನದೇ. ಅವ್ವ ತೀರಿಕೊಂಡಾಗ ಅಕ್ಕನಿಗೆ ಹೊತ್ತಿಗೆ ಸರಿಯಾಗಿ ಸುದ್ದಿ ಮುಟ್ಟಿಸಲಿಲ್ಲ. ಅವಳು ಬರುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಆಮೇಲೆ ಆ ಮಾತನ್ನು ನಾನು ಎತ್ತಲಿಲ್ಲ, ಅವಳೂ ಎತ್ತಲಿಲ್ಲ. ಹನ್ನೊಂದು ವರ್ಷ ತಪ್ಪದೆ ಗೌರಿಗೆ ಬಾಗಿನ ಕೊಟ್ಟು ಬಂದಿದ್ದೇನೆ. ಮೆತ್ತಗಿನ ಮಾತು, ನಗುಮುಖ. ಹೀಗೇ ಬೆಚ್ಚಗಿಟ್ಟಿದ್ದರೆ ಒಂದು ದಿನ ತಾನಾಗಿ ಕರಗುತ್ತದೆ ಅಂದುಕೊಂಡಿದ್ದೆ. ತಾಳಿದವನು ಬಾಳಿಯಾನು ಅಂತ ನೀವೇ ಹೇಳಿದ್ದಿರಿ.”

“ನಾನಲ್ಲ, ಗಾದೆ ಹೇಳಿದ್ದು. ಆಮೇಲೆ?”

“ಈ ವರ್ಷದ ಬಾಗಿನ ವಾಪಸು ಬಂದಿದೆ. ನೂಲು ಸಹ ಬಿಚ್ಚಿಲ್ಲ. ಇನ್ನಷ್ಟು ತಾಳಬೇಕೋ, ಹೋಗುವುದನ್ನೇ ಬಿಡಬೇಕೋ, ತಿಳಿಯುತ್ತಿಲ್ಲ.”

ಗುರುಗಳು ಮೊರದ ನೂಲನ್ನು ಮುಟ್ಟಿ ನೋಡಿದರು. ಪೂರ್ವಾಶ್ರಮದಲ್ಲಿ ಅವರು ಏನಾಗಿದ್ದರೆಂದು ಯಾರಿಗೂ ಗೊತ್ತಿರಲಿಲ್ಲ. ಸೌಟು ಹಿಡಿಯುವ ರೀತಿ ಕಂಡು ಕೆಲವರು ಏನೋ ಊಹಿಸಿದ್ದರು.

“ಒಂದು ಕೋಳಿಯ ಕತೆ ಹೇಳುತ್ತೇನೆ” ಎಂದರು.

“ಮಠದಲ್ಲಿ ಕೋಳಿಯೇ, ಗುರುಗಳೇ?”

“ಕತೆಯಲ್ಲಿ ತಾನೆ? ವಾಸನೆ ಬರುವುದಿಲ್ಲ. ಕೇಳು.”

ಒಂದು ಮನೆಯಲ್ಲಿ ಒಬ್ಬ ಸೊಸೆ ಇದ್ದಳು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವ ಮನೆ ಅದು. ತೀರಿಕೊಂಡವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನು ಎಲೆಯಲ್ಲಿ ಬಡಿಸಬೇಕು. ಆ ಮನೆಯ ಹಿರಿಯರಿಗೆಲ್ಲ ಕೋಳಿ ಇಷ್ಟವಾಗಿತ್ತು. ಸೊಪ್ಪು ಇಷ್ಟಪಟ್ಟ ಹಿರಿಯರೊಬ್ಬರೂ ಆ ವಂಶದಲ್ಲಿ ಆಗಿಹೋಗಿರಲಿಲ್ಲ.

ನಲವತ್ತು ವರ್ಷ ಅತ್ತೆ ಎಡೆ ಇಟ್ಟಿದ್ದಳು. ಆ ವರ್ಷ ಅವಳ ಮಂಡಿ ಸೋತಿತು. ಸೌಟನ್ನು ಸೊಸೆಯ ಕೈಗೆ ಕೊಟ್ಟು, “ಈ ಸಲದಿಂದ ನಿನ್ನ ಕೈಯಡುಗೆ ಕಣವ್ವ” ಅಂದಳು. ಆ ಮನೆಗೆ ಬಂದವಳು ಸೊಸೆಯಾಗುವುದು ತಾಳಿ ಕಟ್ಟಿಸಿಕೊಂಡ ದಿನವಲ್ಲ, ಎಡೆ ಇಟ್ಟ ದಿನ. ಇವಳು ಆ ದಿನಕ್ಕೆ ಹದಿನಾರು ವರ್ಷ ಕಾದಿದ್ದಳು. ತನ್ನ ಅಡುಗೆ ತಿಂದು ಅತ್ತೆ ‘ಚೆನ್ನಾಗದೆ’ ಎಂಬ ಒಂದು ಮಾತು ಹೇಳಿದರೆ ಸಾಕಿತ್ತು.

ಎಡೆ ಇಡುವವರೆಗೆ ಅಡುಗೆಯವಳು ಉಪವಾಸ. ಯಾರೂ ರುಚಿ ನೋಡುವಂತಿಲ್ಲ. ರುಚಿ ನೋಡಿದರೆ ಎಂಜಲು. ಉಪ್ಪು ಸಾಲದಿದ್ದರೆ ಹಿರಿಯರು ಸಹಿಸಿಕೊಳ್ಳಬೇಕು. ಅತ್ತೆ ಈ ನೇಮವನ್ನು ಮೀರದೆಯೇ ಸೌಟಿನ ಬೆನ್ನಿನಿಂದ ತುಂಡನ್ನು ಒತ್ತಿ, ಬೆಂದಿದೆಯೋ ಇಲ್ಲವೋ ತಿಳಿಯುತ್ತಿದ್ದಳು. ಸೊಸೆ ಒಂದು ಹೆಜ್ಜೆ ಮುಂದೆ ಹೋದಳು. ಮುಚ್ಚಿದ ಪಾತ್ರೆಯನ್ನು ಎಡೆಯ ಹೊತ್ತಿನವರೆಗೆ ತೆರೆಯುವುದೇ ಇಲ್ಲ ಎಂದುಕೊಂಡಳು. ಹೊಸದಾಗಿ ಪಟ್ಟಕ್ಕೆ ಬಂದವರು ನೇಮವನ್ನು ಹಳಬರಿಗಿಂತ ಬಿಗಿಯಾಗಿ ಹಿಡಿಯುತ್ತಾರೆ.

ಅಮಾವಾಸ್ಯೆಯ ಹಿಂದುಮುಂದು ಕೋಳಿ ಅಂಗಡಿಯ ಮುಂದೆ ಸಾಲು ನಿಲ್ಲುತ್ತದೆ. ಅದಕ್ಕಾಗಿ ಅವಳು ಎಂಟು ದಿನ ಮೊದಲೇ ಎರಡೂವರೆ ಕಿಲೋ ಕೋಳಿ ತಂದು ಫ್ರೀಜರಿನಲ್ಲಿಟ್ಟಳು. ಎಂಟು ದಿನದಲ್ಲಿ ತುಂಡುಗಳೆಲ್ಲ ಒಂದಕ್ಕೊಂದು ಹತ್ತಿ ಒಂದೇ ಗುಂಡುಕಲ್ಲಾದವು.

ಅವಳ ಬಳಿ ಒಂದು ಸ್ಲೋ ಕುಕ್ಕರ್ ಇತ್ತು. ತಮ್ಮ ಕೊಟ್ಟ ಉಡುಗೊರೆ. ಒಳಗೆ ಪಿಂಗಾಣಿ ಪಾತ್ರೆ, ಕೆಳಗೆ ಕರೆಂಟಿನ ಸಣ್ಣ ಕಾವು, ಮೇಲೆ ಗಾಜಿನ ಮುಚ್ಚಳ. ಬೆಳಿಗ್ಗೆ ಹಾಕಿಟ್ಟರೆ ಸಂಜೆಗೆ ಬೇಯುತ್ತದೆ, ನಡುವೆ ಯಾರೂ ಕೈಯಾಡಿಸಬೇಕಿಲ್ಲ. ಜೊತೆಯಲ್ಲಿ ಒಂದು ಪುಸ್ತಕ ಬಂದಿತ್ತು. ಅದರಲ್ಲಿ ಏಳು ಭಾಷೆಗಳಿದ್ದವು, ಕನ್ನಡ ಇರಲಿಲ್ಲ. ಒಂದು ಚಿತ್ರವಿತ್ತು: ಮಂಜಿನ ಹರಳು, ಅದರ ಮೇಲೊಂದು ಅಡ್ಡಗೆರೆ. ಕುಕ್ಕರನ್ನು ಫ್ರಿಜ್ಜಿನಲ್ಲಿ ಇಡಬಾರದು ಎಂದು ಅವಳು ಅರ್ಥ ಮಾಡಿಕೊಂಡಳು. ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದಳು.

ಅಮಾವಾಸ್ಯೆಯ ದಿನ ಬಂತು. ಒಲೆಯ ಎರಡೂ ಕಣ್ಣು ವಡೆಗೆ, ಪಾಯಸಕ್ಕೆ, ಕಾಳುಸಾರಿಗೆ ಹೋದವು. ಕೋಳಿಯ ನೆನಪಾದಾಗ ಹತ್ತು ಗಂಟೆ. ತೆಗೆದು ನೋಡಿದರೆ ಕಲ್ಲು. ಸೊಸೆಗೆ ಒಂದು ಕ್ಷಣ ಅಳುಕಾಯಿತು. ಆಮೇಲೆ ಯೋಚಿಸಿದಳು: ಸಂಜೆ ಆರರವರೆಗೆ ಹೊತ್ತಿದೆ, ಅವಸರವೇನು? ಮೊದಲು ಕರಗುತ್ತದೆ, ಆಮೇಲೆ ಬೇಯುತ್ತದೆ. ಎರಡೂ ಒಂದೇ ಪಾತ್ರೆಯಲ್ಲಿ ಆದರೆ ಯಾರಿಗೇನು ನಷ್ಟ? ಕಲ್ಲನ್ನು ಹಾಗೇ ಪಾತ್ರೆಗಿಳಿಸಿ, ಮೇಲೆ ಮಸಾಲೆ ಸುರಿದು, ಸಣ್ಣ ಕಾವಿಗಿಟ್ಟು ಮುಚ್ಚಿದಳು.

ಹನ್ನೊಂದಕ್ಕೆ ಮುಚ್ಚಳ ಮುಟ್ಟಿ ನೋಡಿದಳು. ಬೆಚ್ಚಗಿತ್ತು. ಹನ್ನೆರಡಕ್ಕೆ ಮುಟ್ಟಿದಳು. ಬೆಚ್ಚಗಿತ್ತು. ಆಗ ಕರೆಂಟು ಹೋಯಿತು. ಎರಡು ಗಂಟೆ ಬರಲಿಲ್ಲ. ಅವಳು ಕುಕ್ಕರಿಗೆ ಒಂದು ದಪ್ಪ ಟವೆಲು ಹೊದಿಸಿದಳು. ಟವೆಲಿನ ಕೆಳಗೂ ಬೆಚ್ಚಗೇ ಇತ್ತು.

ಪೇಟೆಯಿಂದ ಬಂದಿದ್ದ ವಾರಗಿತ್ತಿ ಬಾಗಿಲಿಗೊರಗಿ ನಿಂತಿದ್ದಳು. ಅವಳು ಕೈಕೆಲಸಕ್ಕಿಂತ ಬಾಯಿಕೆಲಸದಲ್ಲಿ ಚುರುಕು.

“ಅಲ್ಲಾ ಅಕ್ಕ, ಅದು ಬೇಯ್ತಾ ಇದೆಯೋ, ಕಾವಿಗೆ ಕೂತಿದೆಯೋ? ಸಂಜೆ ಮುಚ್ಚಳ ತೆಗೆದ್ರೆ ಮರಿ ಹೊರಗೆ ಬಂದಾವು!”

“ಬಂದ್ರೆ ನಿನಗೇ ಎರಡು ಕಟ್ಟಿ ಕಳಿಸ್ತೀನಿ, ಸುಮ್ಕಿರು” ಅಂದಳು ಸೊಸೆ.

ಕರೆಂಟು ಬಂತು. ನಾಲ್ಕಕ್ಕೆ ಮನೆ ತುಂಬ ಮಸಾಲೆಯ ಪರಿಮಳ. ಐದಕ್ಕೆ ಗಾಜಿನೊಳಗೆ ಬೆವರು. ಆರಕ್ಕೆ ಅವಳು ಮೊದಲ ಸಲ ಮುಚ್ಚಳ ತೆಗೆದಳು. ಮೇಲಿನ ಮಾಂಸ ಎಲುಬು ಬಿಡುವಷ್ಟು ಮೆತ್ತಗಾಗಿತ್ತು. ಅವಳ ಎದೆ ಹಗುರವಾಯಿತು.

ಎಲೆ ಹಾಕಿ, ಬಡಿಸಿ, ದೀಪ ಹಚ್ಚಿ, ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದು ನಿಂತರು. ಹಿರಿಯರು ಬಂದು ಉಣ್ಣುವಾಗ ಒಳಗೆ ಯಾರೂ ಇರಬಾರದು. ವಾರಗಿತ್ತಿಯೂ ಅಷ್ಟು ಹೊತ್ತು ಮಾತಾಡಲಿಲ್ಲ. ಹಿರಿಯರು ಉಂಡರು, ಏನೂ ತಪ್ಪು ಹಿಡಿಯಲಿಲ್ಲ. ಸತ್ತವರಿಗೆ ಹೊಟ್ಟೆ ಕೆಡುವುದಿಲ್ಲ. ಸಾಯುವುದರಿಂದ ಆಗುವ ಅನುಕೂಲಗಳಲ್ಲಿ ಅದೂ ಒಂದು.

ಬಾಗಿಲು ತೆರೆದು, ಬದುಕಿದ್ದವರು ಸಾಲಾಗಿ ಕೂತರು. ಹಿರಿಯಳೆಂದು ಅತ್ತೆಗೆ ದೊಡ್ಡ ತೊಡೆಯ ತುಂಡು ಬಿತ್ತು. ಅದು ಕಲ್ಲಿನ ನಡುವೆ ಇದ್ದ ತುಂಡು. ಅತ್ತೆ ಅದನ್ನು ಮುರಿದು ಒಂದು ಗಳಿಗೆ ನೋಡಿದಳು. ಸೊಸೆಯ ಮುಖ ನೋಡಿದಳು. ವಾರಗಿತ್ತಿಯ ಮುಖವನ್ನೂ ನೋಡಿದಳು. ಆಮೇಲೆ ತಿಂದಳು. ಎಲುಬು ಬೆಳ್ಳಗಾಗುವವರೆಗೆ ತಿಂದಳು.

“ಹೆಂಗದೆ ಅತ್ತೆಮ್ಮ?”

“ಚೆನ್ನಾಗದೆ ಕಣವ್ವ.”

ಹದಿನಾರು ವರ್ಷ ಕಾದ ಮಾತು ಅದು. ಸೊಸೆ ಅದನ್ನು ಒಂದು ದಿನ ಪೂರ್ತಿ ಅನುಭವಿಸಿದಳು ಎನ್ನುವುದಕ್ಕೂ ಇಲ್ಲ. ಮರುದಿನ ಮಧ್ಯಾಹ್ನ ಎಲ್ಲರಿಗೂ ಹೊಟ್ಟೆ ಕೆಟ್ಟಿತು. ಉಳಿದವರು ಎರಡು ದಿನದಲ್ಲಿ ಸುಧಾರಿಸಿಕೊಂಡರು. ಅತ್ತೆಗೆ ವಾಂತಿ, ಭೇದಿ, ಜ್ವರ. ಸಂಜೆಯ ಹೊತ್ತಿಗೆ ಅವಳಿಗೆ ಮಗನ ಗುರುತೂ ಹತ್ತಲಿಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋದರು.

ಡಾಕ್ಟರು ವಯಸ್ಸಾದ ಹೆಂಗಸು. ಏನು ತಿಂದಿರಿ, ಹೇಗೆ ಮಾಡಿದಿರಿ ಎಂದು ಎಲ್ಲವನ್ನೂ ಕೇಳಿದರು. ಸೊಸೆ ಒಂದನ್ನೂ ಮುಚ್ಚಿಡದೆ ಹೇಳಿದಳು.

“ಮುಚ್ಚಳ ಬೆಚ್ಚಗಿತ್ತು ಡಾಕ್ಟ್ರೇ. ನಾನು ಗಂಟೆಗಂಟೆಗೂ ಮುಟ್ಟಿ ನೋಡಿದೀನಿ.”

“ಮುಚ್ಚಳ ಯಾರಮ್ಮ ತಿಂತಾರೆ?” ಅಂದರು ಡಾಕ್ಟರು. “ಹೊರಗೆ ಬೆಂದಿತ್ತು, ಒಳಗೆ ಮಂಜು. ನಡುವೆ ಇಡೀ ದಿನ ಉಗುರುಬೆಚ್ಚಗೆ. ಮಂಜಿನಲ್ಲಿ ಕ್ರಿಮಿ ಮಲಗಿರ್ತದೆ. ಕುದಿಯಲ್ಲಿ ಸಾಯ್ತದೆ. ಉಗುರುಬೆಚ್ಚಗಿದ್ದರೆ ಸಂಸಾರ ಹೂಡ್ತದೆ. ನೀವು ಕೋಳಿ ಬೇಯಿಸಲಿಲ್ಲ. ಕ್ರಿಮಿಗೆ ಕಾವು ಕೊಟ್ಟು ಮರಿ ಮಾಡಿಸಿದ್ರಿ.”

ವಾರಗಿತ್ತಿ ತಮಾಷೆಗೆ ಆಡಿದ ಮಾತು ನಿಜವಾಗಿತ್ತು. ಅದು ಅವಳಿಗೂ ಖುಷಿ ಕೊಡಲಿಲ್ಲ.

“ಬಡಿಸುವ ಮುಂಚೆ ಒಂದು ಸಲ ಚೆನ್ನಾಗಿ ಕುದಿಸಿದ್ದರೆ ಆಗ್ತಿತ್ತಾ?” ಎಂದು ಸೊಸೆ ಕೇಳಿದಳು.

“ಕ್ರಿಮಿ ಸಾಯ್ತಿತ್ತು. ಅದು ಕಕ್ಕಿಟ್ಟ ವಿಷ ಎಲ್ಲವೂ ಸಾಯಲ್ಲ. ಕೊನೆಗೆ ಕುದಿಸೋದಲ್ಲಮ್ಮ, ಮೊದಲು ಕರಗಿಸಬೇಕು. ಆ ಪುಸ್ತಕದ ಮಂಜಿನ ಹರಳಿನ ಮೇಲಿನ ಗೆರೆ ಹೇಳಿದ್ದೂ ಅದನ್ನೇ.”

ನಾಲ್ಕು ದಿನ ಸೊಸೆ ಆಸ್ಪತ್ರೆಯ ಬೆಂಚಿನ ಮೇಲೆ ಕೂತಳು. ತನ್ನ ಮೊದಲ ಎಡೆ ಉಂಡ ಬಾಯಿ ಮತ್ತೆ ತೆರೆಯುವುದೋ ಇಲ್ಲವೋ ಎಂಬುದೊಂದೇ ಯೋಚನೆ. ಮುಂದಿನ ವರ್ಷ ಹಿರಿಯರ ಸಾಲಿನಲ್ಲಿ ಒಂದು ಎಲೆ ಹೆಚ್ಚಾದರೆ ಅದಕ್ಕೆ ಏನು ಬಡಿಸುವುದು? ಐದನೆಯ ದಿನ ಅತ್ತೆ ಕಣ್ಣು ಬಿಟ್ಟಳು. ನೀರು ಕೇಳಿದಳು. ಕುಡಿದು, ಮೆಲ್ಲಗೆ ಅಂದಳು:

“ಎಲುಬಿನ ಹತ್ರ ಕೆಂಪಿತ್ತು ಕಣವ್ವ. ನಾನು ನೋಡಿದ್ದೆ.”

ಸೊಸೆ ಲೋಟವನ್ನು ಕೆಳಗಿಟ್ಟಳು. “ನೋಡೂ ಯಾಕೆ ತಿಂದ್ರಿ ಅತ್ತೆಮ್ಮ? ತಟ್ಟೆ ಎತ್ತಿ ನನ್ನ ಮುಖಕ್ಕೆ ಎಸೀಬಾರದಾಗಿತ್ತಾ?”

“ನಿನ್ನ ಮೊದಲ ಎಡೆ. ಅವಳೊಬ್ಬಳು ಎದುರಿಗೇ ಕೂತವಳೆ. ನಾನು ಬಾಯಿ ಬಿಟ್ಟಿದ್ರೆ ಅವಳು ಮೂರು ಊರಿಗೆ ಹಂಚ್ತಿದ್ಲು. ಒಂದು ತುಂಡು ತಾನೆ, ಮರ್ಯಾದೆಗೆ ನುಂಗಿದ್ರಾಯ್ತು ಅಂತ ನುಂಗಿದೆ.”

ಹನ್ನೊಂದನೆಯ ದಿನ ಅವಳನ್ನು ಮನೆಗೆ ಕರೆತಂದರು. ಮಂಡಿಯ ಜೊತೆಗೆ ಈಗ ಮೈಯೂ ಸೋತಿತ್ತು.

ಮರುವರ್ಷ ಅಮಾವಾಸ್ಯೆ ಬಂತು. ಸೌಟನ್ನು ಹಿಂದಕ್ಕೆ ಕೊಡಲು ಸೊಸೆ ಹೋದಳು. ಅತ್ತೆ ತೆಗೆದುಕೊಳ್ಳಲಿಲ್ಲ. ಅಡುಗೆಮನೆಯಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು ಕೂತಳು.

ಎರಡು ದಿನ ಮೊದಲೇ ಸೊಸೆ ಕೋಳಿಯನ್ನು ಫ್ರೀಜರಿನಿಂದ ತೆಗೆದು, ಅಂಚಿರುವ ಪಾತ್ರೆಯಲ್ಲಿಟ್ಟು, ಫ್ರಿಜ್ಜಿನ ಕೆಳಗಿನ ಅಂತಸ್ತಿನಲ್ಲಿಟ್ಟಿದ್ದಳು. ಕರಗಿದ ನೀರು ಬೇರೆ ಯಾವುದರ ಮೇಲೂ ತೊಟ್ಟಿಕ್ಕಲಿಲ್ಲ. ಕರಗುವುದು ತಣ್ಣಗಿರುವಲ್ಲೇ ಆಗಬೇಕು, ಅದಕ್ಕೆ ಅದರದೇ ಹೊತ್ತು ಬೇಕು ಎಂದು ಅವಳು ಕಲಿತಿದ್ದಳು. ಅಮಾವಾಸ್ಯೆಯ ಬೆಳಿಗ್ಗೆ ತುಂಡುಗಳನ್ನು ಒಂದೊಂದಾಗಿ ಬಿಡಿಸಿ ಬೆರಳಿನಿಂದ ಒತ್ತಿದಳು. ಮಂಜಿನ ಗಂಟು ಎಲ್ಲೂ ಇರಲಿಲ್ಲ. ಕೈ ತೊಳೆದಳು. ಮಸಾಲೆಯೊಂದಿಗೆ ಒಲೆಯ ಮೇಲೆ ಕೊತಕೊತ ಕುದಿಸಿ, ಆಮೇಲೆ ಕುಕ್ಕರಿಗೆ ಹಾಕಿ, ದೊಡ್ಡ ಕಾವಿಗೆ ತಿರುಗಿಸಿದಳು. ಕರೆಂಟು ಹೋದರೆ ಒಲೆಗೆ ವರ್ಗಾಯಿಸಲು ಒಂದು ಕಣ್ಣನ್ನು ಖಾಲಿ ಬಿಟ್ಟಳು. ಆ ವರ್ಷ ಕರೆಂಟು ಹೋಗಲಿಲ್ಲ. ಸಿದ್ಧವಾಗಿರುವವರ ಮನೆಯಲ್ಲಿ ಅದು ಹೋಗುವುದು ಅಪರೂಪ.

ಎಡೆಗೆ ಮುಂಚೆ ಅವಳು ಮುಚ್ಚಳ ತೆಗೆದು, ಎಲ್ಲಕ್ಕಿಂತ ದಪ್ಪನೆಯ ತುಂಡನ್ನು ಹೊರಗಿಟ್ಟು, ಚಾಕುವಿನಿಂದ ಎಲುಬಿನವರೆಗೆ ಸೀಳಿದಳು. ಕೆಂಪು ಇರಲಿಲ್ಲ. ಒಸರಿದ ರಸ ತಿಳಿಯಾಗಿತ್ತು. ಡಾಕ್ಟರು ತರಿಸಿಕೊಳ್ಳಲು ಹೇಳಿದ್ದ ಮಾಂಸದ ಥರ್ಮಾಮೀಟರನ್ನು ಚುಚ್ಚಿದಳು. ಎಂಬತ್ತು ಡಿಗ್ರಿ ತೋರಿಸಿತು. ಎಪ್ಪತ್ತೈದು ದಾಟಿದರೆ ಸಾಕು ಎಂದು ಅವರು ಹೇಳಿದ್ದರು.

ವಾರಗಿತ್ತಿ ಬಾಗಿಲಲ್ಲೇ ಇದ್ದಳು. “ಈ ವರ್ಷ ಹಿರಿಯರಿಗಿಂತ ಮುಂಚೆ ಚಾಕುವಿಗೇ ಎಡೆ ಆಯ್ತಲ್ಲಕ್ಕ!”

ಕುರ್ಚಿಯಿಂದ ಅತ್ತೆ ಉತ್ತರ ಕೊಟ್ಟಳು. “ಚಾಕುವಿಗೆ ನಾಲಿಗೆ ಇಲ್ಲ ಕಣಮ್ಮಿ. ಅದು ಎಂಜಲೂ ಮಾಡಲ್ಲ, ಚಾಡಿಯೂ ಹೇಳಲ್ಲ.”

ಹಿರಿಯರು ಉಂಡರು. ಬದುಕಿದ್ದವರು ಕೂತರು. ಅತ್ತೆ ತುಂಡನ್ನು ಮುರಿದು, ಎಲುಬನ್ನು ದೀಪದ ಕಡೆ ತಿರುಗಿಸಿ, ಎಲ್ಲರೂ ನೋಡುವಂತೆ ನೋಡಿದಳು. ತಿಂದಳು.

“ಹೆಂಗದೆ ಅತ್ತೆಮ್ಮ?”

“ಉಪ್ಪು ಒಂದು ಕಲ್ಲು ಕಮ್ಮಿ.”

ಸೊಸೆಯ ಕಣ್ಣು ತುಂಬಿತು. ಅಷ್ಟು ಸವಿಯಾದ ಮಾತನ್ನು ಅವಳು ಆ ಮನೆಯಲ್ಲಿ ಅದುವರೆಗೆ ಕೇಳಿರಲಿಲ್ಲ. ಎದ್ದು ಹೋಗಿ ಉಪ್ಪು ತಂದಳು.

ಇಲ್ಲಿಗೆ ಗುರುಗಳು ನಿಲ್ಲಿಸಿದರು.

ಸಣ್ಣಯ್ಯ ಕೇಳಿದ: “ಹಾಗಾದರೆ ಮೊದಲ ವರ್ಷದ ತಪ್ಪು ಯಾರದು ಗುರುಗಳೇ? ಕರಗಿಸದೆ ಬೆಚ್ಚಗಿಟ್ಟವಳದೋ, ಕೆಂಪು ಕಂಡೂ ನುಂಗಿದವಳದೋ?”

ಗುರುಗಳು ನೂಲು ಬಿಚ್ಚದ ಮೊರದ ಜೊತೆಯನ್ನು ಅವನ ಕಡೆಗೆ ಸರಿಸಿದರು.

“ಹನ್ನೊಂದು ವರ್ಷ ನಿನ್ನಕ್ಕ ಸುಮ್ಮನೆ ನುಂಗಿದಳು, ಸಣ್ಣಯ್ಯ, ಈ ವರ್ಷ ಮೊದಲ ಸಲ ನಿನ್ನೊಡನೆ ಮಾತಾಡಿದ್ದಾಳೆ.”