ಬ್ರಿಸಾಕ್ ಸಾಹೇಬರ ಟೋಪಿ

ರಾಜರಿದ್ದಾಗ ಫ್ರಾನ್ಸಿನಲ್ಲಿ ಮಂತ್ರಿಗಳ ತಲೆ ಹೋಗುತ್ತಿತ್ತು. ಆಮೇಲೆ ರಾಜನ ತಲೆಯೇ ಹೋಯಿತು. ಎರಡನೇ ಮಹಾಯುದ್ಧ ಮುಗಿದ ಮೇಲೆ ಕಾಲ ಎಷ್ಟೋ ಸುಧಾರಿಸಿತ್ತು. ಯಾರ ತಲೆಯೂ ಹೋಗುತ್ತಿರಲಿಲ್ಲ, ಸರ್ಕಾರ ಮಾತ್ರ ಹೋಗುತ್ತಿತ್ತು.

ಅಂಥ ಕಾಲದಲ್ಲಿ ಅನ್ಸೆಲ್ಮ್ ಪುಜೋಲ್ ಎಂಬ ಸಮಾಜವಾದಿ ಪ್ರಧಾನಿಯಾದರು. ಅವರ ಸಂಪುಟದಲ್ಲಿ ದೇವರನ್ನು ನಂಬುವವರ ಪಕ್ಷವಿತ್ತು, ದೇವರನ್ನು ನಂಬದವರ ಪಕ್ಷವೂ ಇತ್ತು. ನಡುವೆ ಕೂತ ಪುಜೋಲ್ ಇಬ್ಬರನ್ನೂ ನಂಬುತ್ತಿರಲಿಲ್ಲ. ಹೀಗೆ ಸರ್ಕಾರ ಸುಸೂತ್ರವಾಗಿ ನಡೆಯುತ್ತಿತ್ತು.

ಇವರ ಜೊತೆಗೆ ಪುಟ್ಟದೊಂದು ಪಕ್ಷ. ಅದರ ನಾಯಕ ಗಾಸ್ಪಾರ್ ಬ್ರಿಸಾಕ್. ಬೆಂಬಲಿಗರು ಬೆರಳೆಣಿಕೆಯಷ್ಟು. ಆದರೆ ಆ ಬೆರಳುಗಳು ಕೆಳಗಿಳಿದರೆ ಪುಜೋಲರಿಗೆ ಬಹುಮತವಿರಲಿಲ್ಲ.

“ನಾನು ಟೋಪಿ ಎತ್ತಿಕೊಂಡರೆ ಈ ಸರ್ಕಾರ ಬಿತ್ತು ಅಂತಲೇ ತಿಳಕೊಳ್ಳಿ!” ಎಂದು ಬ್ರಿಸಾಕ್ ಸಿಕ್ಕಸಿಕ್ಕವರಿಗೆಲ್ಲ ಹೇಳುತ್ತಿದ್ದರು. ತಲೆಗೂದಲು ಕತ್ತರಿಸುವವನಿಗೂ ಹೇಳಿದ್ದರಂತೆ.

ಸುಳ್ಳೇನಲ್ಲ. ಸಂಪುಟದ ಕೋಣೆಯ ಬಾಗಿಲ ಪಕ್ಕ ಗೋಡೆಗೆ ಸಾಲಾಗಿ ಗೂಟಗಳಿದ್ದವು. ಬಂದ ಮಂತ್ರಿಗಳು ಟೋಪಿ ತೆಗೆದು ಅಲ್ಲಿ ನೇತುಹಾಕಿ ಕೂರಬೇಕು. ಸಭೆಯ ನಡುವೆ ಎದ್ದು ಟೋಪಿ ತೆಗೆದುಕೊಂಡರೆ ರಾಜೀನಾಮೆ ಎಂದರ್ಥ. ಬ್ರಿಸಾಕ್ ಮೊದಲ ಸಲ ಟೋಪಿ ಎತ್ತಿದಾಗ ಅವರಿಗೆ ಸಾರಿಗೆ ಖಾತೆ ಸಿಕ್ಕಿತು. ಇನ್ನೊಂದು ಸಲ ಎತ್ತಿದಾಗ ಅವರ ಭಾವಮೈದುನ ಬಂದರಿನ ಮುಖ್ಯಸ್ಥನಾದ. ಎರಡು ಸಲವೂ ಪುಜೋಲರೇ ಓಡಿಹೋಗಿ, ಕೈಯಿಂದ ಟೋಪಿ ಇಸಿದುಕೊಂಡು ಗೂಟಕ್ಕೆ ಹಾಕಿದ್ದರು.

ಅಷ್ಟರಲ್ಲಿ ಚಳಿಗಾಲ ಬಂತು. ಉಗ್ರಾಣದಲ್ಲಿ ಗೋಧಿ ತಳ ಮುಟ್ಟಿತು. ಗೋಧಿಯ ಹಡಗೊಂದು ಸಮುದ್ರದ ಮೇಲೆ ಬರುತ್ತಿತ್ತು. ಬಂದು ಮುಟ್ಟುವವರೆಗೆ ಜನರ ಬ್ರೆಡ್ ರೇಷನ್ ಕಡಿಮೆ ಮಾಡದೆ ವಿಧಿಯಿರಲಿಲ್ಲ.

ಬ್ರಿಸಾಕ್ ಪ್ರಧಾನಿಯ ಕೋಣೆಗೆ ಬಂದು ಹೇಳಿದರು: “ಹಡಗಿನ ಗೋಧಿ ಮೊದಲು ನನ್ನ ಜಿಲ್ಲೆಯ ಗಿರಣಿಗಳಿಗೆ ಹೋಗಬೇಕು. ಮಿಕ್ಕಿದ್ದು ದೇಶಕ್ಕೆ. ನಾಳೆ ಸಭೆಯಲ್ಲಿ ತೀರ್ಮಾನ ಆಗಲಿ. ಇಲ್ಲ ಅಂದರೆ ನನ್ನ ಟೋಪಿ ಎಲ್ಲಿದೆ ಅಂತ ನಿಮಗೆ ಗೊತ್ತೇ ಇದೆ.”

ಕಿಟಕಿಯ ಆಚೆ, ಬ್ರೆಡ್ಡಿನ ಅಂಗಡಿಯ ಮುಂದೆ, ಹೆಂಗಸರು ಖಾಲಿ ಚೀಲ ಹಿಡಿದು ನಸುಕಿನಿಂದ ನಿಂತಿದ್ದರು. ಪುಜೋಲ್ ಅವರನ್ನೇ ನೋಡಿದರು. ಖಾತೆ ಕೊಡಬಹುದು, ಬಂದರು ಕೊಡಬಹುದು, ಇವರ ತುತ್ತನ್ನು ಹೇಗೆ ಕೊಡುವುದು?

ಸಂಜೆ ರಾಷ್ಟ್ರಾಧ್ಯಕ್ಷರು ಕರೆಸಿದರು.

“ಪುಜೋಲರೇ, ಹಡಗು ಬರುವ ತನಕ ಸರ್ಕಾರ ಬೀಳಕೂಡದು. ಬ್ರಿಸಾಕ್‌ಗೆ ಒಂದು ಕಾಳು ಗೋಧಿಯೂ ಹೆಚ್ಚಿಗೆ ಹೋಗಕೂಡದು.”

“ಎರಡೂ ಆಗಬೇಕೇ?”

“ಎರಡೂ.”

“ಆಗಲಿ. ಒಂದು ವಿಷಯ ಹೇಳಿ. ನಾನು ಬಿದ್ದರೆ ಹೊಸ ಸರ್ಕಾರ ಕಟ್ಟೋಕೆ ಮೊದಲು ಯಾರನ್ನು ಕರೀತೀರಿ?”

“ಪದ್ಧತಿ ಇದೆಯಲ್ಲ. ಬೀಳಿಸಿದವನನ್ನೇ.”

“ಅಷ್ಟು ಸಾಕು,” ಎಂದು ಪುಜೋಲ್ ಎದ್ದರು.

ಮರುದಿನ ಸಭೆ. ಕಲ್ಲಿದ್ದಲು ಇಲ್ಲದೆ ಒಲೆ ತಣ್ಣಗಿತ್ತು. ಮಂತ್ರಿಗಳು ಅಂಗೈ ಉಜ್ಜುತ್ತ ಕೂತಿದ್ದರು.

“ಗೋಧಿ ಎಲ್ಲರಿಗೂ ಸಮನಾಗಿ ಹಂಚುತ್ತೇವೆ,” ಎಂದರು ಪುಜೋಲ್.

ಬ್ರಿಸಾಕ್ ಎದ್ದರು. ನಿಧಾನವಾಗಿ ಗೂಟದ ಬಳಿ ನಡೆದರು. ಟೋಪಿ ಕೈಗೆ ತೆಗೆದುಕೊಂಡು, ಇಸಿದುಕೊಳ್ಳಲು ಯಾರಾದರೂ ಬರುತ್ತಾರೆಂದು ಕಾದರು.

ಪುಜೋಲ್ ಬಂದರು. ಆದರೆ ಪಕ್ಕದ ಗೂಟದಿಂದ ತಮ್ಮ ಟೋಪಿಯನ್ನೇ ತೆಗೆದುಕೊಂಡರು.

“ನೀವ್ಯಾಕೆ ತಗೊಂಡ್ರಿ?”

“ಸರ್ಕಾರ ಬಿತ್ತಲ್ಲ! ಅಧ್ಯಕ್ಷರ ಹತ್ತಿರ ಒಂದೇ ಕಾರಿನಲ್ಲಿ ಹೋಗೋಣ, ಪೆಟ್ರೋಲ್ ಉಳಿಯುತ್ತೆ. ನಿಮ್ಮನ್ನೇ ಪ್ರಧಾನಿ ಮಾಡ್ತಾರೆ. ನಿನ್ನೆ ಅವರ ಬಾಯಿಂದಲೇ ಕೇಳಿದ್ದೀನಿ.”

ಬ್ರಿಸಾಕರ ಮುಖ ಅರಳಿತು. “ಹೌದೇ?”

“ಹೌದು. ಇಗೋ ಪೆನ್ನು. ಬ್ರೆಡ್ ರೇಷನ್ ಕಡಿತದ ಆದೇಶಕ್ಕೆ ಸಹಿ ಆಗಬೇಕು. ನಾನೇ ಹಾಕೋಣ ಅಂತಿದ್ದೆ, ಈಗ ಆ ಹಕ್ಕು ನಿಮ್ಮದು. ಸಂಜೆ ರೇಡಿಯೋದಲ್ಲಿ ಓದೋದೂ ನೀವೇ. ಹೆಸರು ಸ್ಪಷ್ಟವಾಗಿ ಹೇಳಿ, ಜನ ನೆನಪಿಟ್ಟುಕೊಳ್ಳಬೇಕು ನೋಡಿ.”

ಬ್ರಿಸಾಕ್ ಪೆನ್ನು ಮುಟ್ಟಲಿಲ್ಲ.

“ಕೆಳಗೆ ಸಾಲಿನಲ್ಲಿ ನಿಂತ ತಾಯಂದಿರಿಗೆ ನಾನೇ ಹೋಗುವಾಗ ತಿಳಿಸ್ತೀನಿ,” ಎಂದರು ಪುಜೋಲ್. “ಹೊಸ ಪ್ರಧಾನಿ ಈಗ ಬರ್ತಾರೆ, ಎಲ್ಲ ವಿಚಾರಿಸಿಕೊಳ್ಳಿ ಅಂತ.”

ಬ್ರಿಸಾಕ್ ಕಿಟಕಿಯಿಂದ ಕೆಳಗೆ ನೋಡಿದರು. ಸಾಲು ಉದ್ದವಾಗಿತ್ತು. ಹೆಂಗಸರು ಗಟ್ಟಿಮುಟ್ಟಾಗಿದ್ದರು. ಬ್ರಿಸಾಕ್ ಒಮ್ಮೆ ಕೆಮ್ಮಿ, ಕೈಯಲ್ಲಿದ್ದ ಟೋಪಿಯನ್ನು ತಲೆಗಿಟ್ಟುಕೊಂಡು, ಬಂದು ತಮ್ಮ ಕುರ್ಚಿಯಲ್ಲಿ ಕೂತರು.

“ರಾಜೀನಾಮೆ ಅಂತ ಯಾರು ಹೇಳಿದ್ದು? ಕೋಣೆ ನೋಡಿ ಹೇಗಿದೆ. ತಲೆಗೆ ಥಂಡಿ ಹೊಡೀತಿತ್ತು, ಅದಕ್ಕೆ ಟೋಪಿ ತಗೊಂಡೆ.”

“ಆರೋಗ್ಯ ಮುಖ್ಯ,” ಎಂದು ಪುಜೋಲ್ ತಮ್ಮ ಟೋಪಿಯನ್ನು ಗೂಟಕ್ಕೆ ಹಾಕಿದರು.

ಆದೇಶಕ್ಕೆ ಅವರೇ ಸಹಿ ಹಾಕಿದರು, ರೇಡಿಯೋದಲ್ಲೂ ಅವರೇ ಓದಿದರು. ಇಡೀ ದೇಶ ಅವರಿಗೆ ಹಿಡಿಶಾಪ ಹಾಕಿತು. ಅವರಿಗೆ ನೋವಾಯಿತು. ಆದರೆ ಬೈದವರಿಗೆಲ್ಲ ಬ್ರೆಡ್ ಸಿಗಲಿ ಎಂದಷ್ಟೇ ಅಂದುಕೊಂಡರು. ಹಡಗು ಬಂತು, ಗೋಧಿ ಸಮನಾಗಿ ಹಂಚಿಹೋಯಿತು. ಅವತ್ತಿನಿಂದ ಬ್ರಿಸಾಕ್ ತಾವಾಡಿದ ಮಾತಿಗೆ ಕಟ್ಟುಬಿದ್ದು, ಪ್ರತಿ ಸಭೆಯಲ್ಲೂ ಟೋಪಿ ಹಾಕಿಕೊಂಡೇ ಕೂತರು.

ಅಧ್ಯಕ್ಷರು ಪುಜೋಲರನ್ನು ಊಟಕ್ಕೆ ಕರೆದು ಕೇಳಿದರು: “ಆತ ಅವತ್ತು ಪೆನ್ನು ತಗೊಂಡು ಸಹಿ ಹಾಕಿಬಿಟ್ಟಿದ್ದರೆ?”

“ಅವರ ಸಂಪುಟದಲ್ಲಿ ನಾನೂ ಒಬ್ಬ ಮಂತ್ರಿ ಆಗ್ತಿದ್ದೆ. ನನ್ನ ಟೋಪಿಗೂ ಗೂಟ ಇತ್ತಲ್ಲ.”

ಅಧ್ಯಕ್ಷರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. “ಭೇಷ್! ನಿಮಗೊಂದು ಬಹುಮಾನ. ನನ್ನ ಅರಮನೆಯ ಪಾಲಿನ ಕಲ್ಲಿದ್ದಲು ನಾಳೆಯಿಂದ ನಿಮ್ಮ ಸಂಪುಟದ ಕೋಣೆಗೆ. ಚಳಿಗಾಲವೆಲ್ಲ ಬೆಚ್ಚಗಿರಿ.”

ಪುಜೋಲ್ ಗಾಬರಿಯಿಂದ ಎದ್ದು ನಿಂತರು.

“ಬೇಡ ಮಹಾಸ್ವಾಮಿ, ಶಾಲೆಗಳಿಗೆ ಕಳಿಸಿ. ಕೋಣೆ ಬೆಚ್ಚಗಾದರೆ ಬ್ರಿಸಾಕ್ ಮತ್ತೆ ಟೋಪಿ ತೆಗೆದು ಗೂಟಕ್ಕೆ ಹಾಕ್ತಾರೆ!”