ಕಾಣೆಯಾದ ಆರನೆಯ ಚರಣ

ಮಾಘ ಶುದ್ಧ ಪಂಚಮಿಯ ಹಿಂದಿನ ದಿನ ಹೊಳೆದಂಡೆಯ ಆಶ್ರಮದಲ್ಲಿ ಒಂದು ಗಂಭೀರ ಸಂಗತಿ ಬೆಳಕಿಗೆ ಬಂತು. ಹಾಡಿನ ಪುಸ್ತಕದಲ್ಲಿ ಆರನೆಯ ಚರಣ ಇರಲಿಲ್ಲ.

ಪ್ರಾಣಹಾನಿ ಆಗಿರಲಿಲ್ಲ. ಅಡುಗೆಮನೆಯ ಒಲೆ ಉರಿಯುತ್ತಲೇ ಇತ್ತು. ಆದರೆ ಹತ್ತನೆಯ ತರಗತಿಯ ನೀಲಗಂಗಾ ಅರ್ಧ ಊಟಕ್ಕೇ ಎದ್ದಳು.

ನೀಲಗಂಗಾ ಆಶ್ರಮದ ಪ್ರೌಢಶಾಲೆಯ ಗಾಯನ ಮೇಳಕ್ಕೆ ಮುಂದಾಳು. ಅನುಮಾನ ಅವಳ ಹುಟ್ಟುಗುಣ. ಒಂದು ಸಲ ಸಾರಿಗೆ ನೀರು ಬೆರೆಸುತ್ತಾರೆಂದು ಅನುಮಾನಪಟ್ಟಿದ್ದಳು. ದುರದೃಷ್ಟಕ್ಕೆ ಅದು ನಿಜವಾಗಿತ್ತು. ಅಂದಿನಿಂದ ಅವಳನ್ನು ಹಿಡಿಯುವವರಿರಲಿಲ್ಲ.

ಅಡವಯ್ಯ ಗುರುಗಳು ಹಜಾರದಲ್ಲಿ ಹಾರ್ಮೋನಿಯಂ ತಿದಿಗೆ ತೇಪೆ ಹಚ್ಚುತ್ತಾ ಕೂತಿದ್ದರು. ಅವಳು ಪುಸ್ತಕವನ್ನು ಅವರ ಮುಂದೆ ಹಿಡಿದಳು.

“ಗುರುಗಳೇ, ಇಲ್ಲಿ ಆರು ಅಂತ ಬರೆದಿದೆ. ಕೆಳಗೆ ಏನೂ ಇಲ್ಲ.”

“ಹಾಳೆ ಹರಿದಿದೆಯೇನು?”

“ಇಲ್ಲ.”

“ಇಲಿ ತಿಂದಿದೆಯಾ?”

“ಇಲ್ಲ.”

“ಹಾಗಾದರೆ ಸರಿಯಾಗಿಯೇ ಇದೆ,” ಎಂದು ಗುರುಗಳು ಅಂಟಿನ ಬಟ್ಟಲಿಗೆ ಬೆರಳು ಅದ್ದಿದರು.

ಇಷ್ಟು ಸಲೀಸಾಗಿ ಉತ್ತರ ಕೊಡುವವರನ್ನು ನೀಲಗಂಗಾ ಎಂದೂ ನಂಬಿದವಳಲ್ಲ.

ಪ್ರತಿ ವರ್ಷ ಪಂಚಮಿಯಂದು ಮೇಳದ ಹಳಬರು ಆಶ್ರಮಕ್ಕೆ ಬರುತ್ತಾರೆ. ಎಂದೋ ಓದಿ ಹೋದವರು, ಈಗ ತಲೆ ನರೆತವರು. ಮಕ್ಕಳೂ ಹಳಬರೂ ಒಟ್ಟಿಗೆ ನಿಂತು ಆಶ್ರಮದ ಹಾಡಿನ ಐದು ಚರಣ ಹಾಡುತ್ತಾರೆ. ಐದನೆಯದು ಮುಗಿದ ಕೂಡಲೇ ಗುರುಗಳು, “ಮಕ್ಕಳೇ, ಹೊಳೆಗೆ ಹೋಗಿ ಬನ್ನಿ,” ಎನ್ನುತ್ತಾರೆ. ಮೂವತ್ತು ಮಕ್ಕಳ ಕೈಗೆ ಒಂದು ಬುಟ್ಟಿ ಎಲಚಿ ಹಣ್ಣು ಕೊಟ್ಟು ಸಾಗಹಾಕುತ್ತಾರೆ. ಹಜಾರದ ಬಾಗಿಲು ಮುಚ್ಚುತ್ತದೆ. ಆರನೆಯ ಚರಣ ಹಳಬರಿಗೆ ಮಾತ್ರ.

ಬಾಗಿಲು ತೆರೆದಾಗ ಕೆಲವರು ಕಣ್ಣೊರೆಸಿಕೊಳ್ಳುತ್ತಿರುತ್ತಾರೆ. ಕೆಲವರು ಹೊಟ್ಟೆ ಹಿಡಿದು ನಗುತ್ತಿರುತ್ತಾರೆ. ಒಂದೇ ಚರಣಕ್ಕೆ ಅಳುವೂ ನಗುವೂ ಬರುವುದುಂಟೆ?

ಅದಕ್ಕಿಂತ ದೊಡ್ಡ ಪುರಾವೆ ಇನ್ನೊಂದಿತ್ತು. ಹೋದ ವರ್ಷ ಹಳಬರಲ್ಲಿ ಒಬ್ಬರಾದ ಟೈಲರ್ ಇಂದುಮತಿ ಹೊರಗೆ ಬಂದವರೇ, “ಕಪ್ಪೆ ಕಂಡು ಚೀರಿದವಳು ಯಾರೇ?” ಎಂದು ಕೇಳಿದ್ದರು. ಚೀರಿದವಳು ನೀಲಗಂಗಾಳೇ. ಬಾಗಿಲು ಹಾಕಿಕೊಂಡು ಹಾಡುವವರಿಗೆ ಹೊಳೆಯ ಕಪ್ಪೆಯ ಸುದ್ದಿ ಹೇಗೆ ಮುಟ್ಟಿತು? ಅಂದರೆ ಅವರು ಹಾಡುವುದು ಮಕ್ಕಳ ಮೇಲೆ ಕಟ್ಟಿದ ಯಾವುದೋ ಗೇಲಿಯ ಹಾಡು. ಯಾರೋ ಬೇಹು ನಡೆಸಿ ಪದ ಕೊಡುತ್ತಿದ್ದಾರೆ.

ಈ ವರ್ಷ ಅವಳಿಗೆ ಕೊನೆಯದು. ಮಾರ್ಚಿನಲ್ಲಿ ಪರೀಕ್ಷೆ, ಆಮೇಲೆ ಊರು. ಮೂರು ವರ್ಷ ಎದೆ ತುಂಬಿ ಹಾಡಿದ ಹಾಡಿನ ತುದಿಯಲ್ಲಿ ತನ್ನನ್ನೇ ನೋಡಿ ನಗುವವರಿದ್ದಾರೆಯೇ? ಅದು ಗೊತ್ತಾಗದೆ ಅವಳು ಆಶ್ರಮದಿಂದ ಕಾಲು ತೆಗೆಯುವವಳಲ್ಲ.

ಪಂಚಮಿಯ ಬೆಳಿಗ್ಗೆ ಹಳಬರು ಬಂದಿಳಿದರು. ಎಲ್ಲರಿಗಿಂತ ಹಿರಿಯ ಪರಸಪ್ಪ, ಬಸ್ ಕಂಡಕ್ಟರ್ ಆಗಿ ನಿವೃತ್ತಿಯಾದವನು. ಅವನನ್ನು ಆಟೋದಿಂದ ಇಳಿಸುವುದಕ್ಕೇ ಇಬ್ಬರು ಬೇಕಾದರು. ಕಟ್ಟೆಯ ಮೇಲೆ ಕೂತು ಏದುಸಿರು ಬಿಡುತ್ತಿದ್ದ. ನೀಲಗಂಗಾ ನೀರು ಕೊಟ್ಟಳು. ನೀರಿನ ಹಿಂದೆಯೇ ವಿಚಾರಣೆಯೂ ಬಂತು.

“ಅಜ್ಜಾ, ಈ ಉಸಿರಿನಲ್ಲಿ ಹಾಡೋಕೆ ಆಗುತ್ತಾ?”

“ಎಲ್ಲಿ ಆಗುತ್ತವ್ವಾ. ಒಂದು ಚರಣಕ್ಕೂ ದಮ್ಮಿಲ್ಲ. ಡಾಕ್ಟರು ಮನೆ ಬಿಟ್ಟು ಕದಲಬೇಡ ಅಂದಾರೆ.”

“ಮತ್ತೆ ಯಾಕೆ ಬಂದಿರಿ?”

“ಆರನೇದಕ್ಕೆ ಬಂದೀನಿ. ಮುಂದಿನ ವರ್ಷ ಈ ಟಿಕೆಟ್ ನಡೆಯುತ್ತೋ ಇಲ್ಲವೋ.”

“ಆರನೇದು ಏನು ಅಜ್ಜಾ?”

ಪರಸಪ್ಪ ಲೋಟ ಕೆಳಗಿಟ್ಟು ಬೊಚ್ಚು ಬಾಯಿ ತೆರೆದು ನಕ್ಕ. “ಅದನ್ನ ನೀನೇ ಕೇಳ್ತೀಯಾ? ಚೆನ್ನಾಗಿದೆ!”

ಒಂದು ಚರಣಕ್ಕೂ ದಮ್ಮಿಲ್ಲದವನು ಆರನೆಯದಕ್ಕೆ ಬಂದಿದ್ದಾನೆ. ಸುಳ್ಳಾಡುವವರು ಲೆಕ್ಕ ತಪ್ಪುವುದು ಇಲ್ಲಿಯೇ ಎಂದುಕೊಂಡಳು ನೀಲಗಂಗಾ.

ಹಾಡು ನಡೆಯಿತು. ಐದು ಚರಣ ಮುಗಿದವು. “ಮಕ್ಕಳೇ, ಹೊಳೆಗೆ ಹೋಗಿ ಬನ್ನಿ,” ಎಂದರು ಗುರುಗಳು. ಬುಟ್ಟಿ ಬಂತು. ಬಾಗಿಲು ಮುಚ್ಚಿತು.

ಹೊಳೆ ಹಜಾರದಿಂದ ಕೂಗಳತೆ. ಹಜಾರದ ಮಾತು ಅಲ್ಲಿಗೆ ಕೇಳಿಸದಿರುವುದಕ್ಕೆ ಪ್ರತಿ ವರ್ಷ ಒಂದೇ ಕಾರಣ: ಮಕ್ಕಳ ಗಲಾಟೆ. ನೀಲಗಂಗಾ ಆ ಕಾರಣವನ್ನೇ ಕಿತ್ತುಹಾಕಿದಳು. ಹಣ್ಣನ್ನು ಮೂವತ್ತು ಪಾಲು ಮಾಡಿದಳು. ಯಾರಿಗೂ ಹೆಚ್ಚಿಲ್ಲ, ಯಾರಿಗೂ ಕಡಿಮೆಯಿಲ್ಲ. ಅಂಥ ನ್ಯಾಯ ಆ ದಂಡೆ ಹಿಂದೆಂದೂ ಕಂಡಿರಲಿಲ್ಲ.

“ಸದ್ದು ಮಾಡಿದವರ ಪಾಲು ಪಕ್ಕದವರಿಗೆ,” ಎಂದಳು.

ಪಕ್ಕದವರ ಮೇಲೆ ಕಣ್ಣಿಟ್ಟು ಮೂವತ್ತು ಬಾಯಿ ಮುಚ್ಚಿದವು. ಬೀಜ ಉಗುಳುವುದೂ ಮೆಲ್ಲಗೆ ನಡೆಯಿತು.

ಅವಳು ಹಜಾರದ ಹಿಂದಕ್ಕೆ ಸುತ್ತಿ ಬಂದು ಹಿಂಬದಿಯ ಕಿಟಕಿಯ ಅಂಚಿನಿಂದ ಇಣುಕಿದಳು.

ಒಳಗೆ ನಲವತ್ತು ಜನ ಹಳಬರು ನಿಂತಿದ್ದರು. ಎಲ್ಲರ ಮುಖ ಹೊಳೆಯ ಕಡೆಯ ಕಿಟಕಿಗೆ. ಆ ಕಿಟಕಿಯ ಎರಡೂ ಕದ ತೆರೆದಿದ್ದವು. ಯಾರೂ ಬಾಯಿ ತೆರೆದಿರಲಿಲ್ಲ.

ಈಗ ಶುರು ಮಾಡುತ್ತಾರೆ ಎಂದು ಕಾದಳು. ಮಾಡಲಿಲ್ಲ.

ಇಂದುಮತಿ ಪಕ್ಕದವರನ್ನು ಮೊಣಕೈಯಿಂದ ತಿವಿದರು. “ಏನ್ರೀ ಇದು? ಈ ವರ್ಷದ ಮಕ್ಕಳಿಗೆ ಏನಾಗಿದೆ?”

“ಹಣ್ಣು ಕೊಟ್ಟಿಲ್ಲವೇನೋ.”

“ಕೊಟ್ಟದ್ದು ನಾನೇ ನೋಡಿದೆ. ಒಂದೇ ಬುಟ್ಟಿ.”

ಕುರ್ಚಿಯಲ್ಲಿ ಕೂತಿದ್ದ ಪರಸಪ್ಪ ಕಿವಿಯ ಹಿಂದೆ ಅಂಗೈ ಇಟ್ಟುಕೊಂಡಿದ್ದ. ಕತ್ತು ಚಾಚಿ ಕೇಳಿದ. ಇನ್ನೊಂದು ಕಿವಿಗೆ ಕೈ ಬದಲಿಸಿದ.

“ಅಡವಯ್ಯಾ,” ಎಂದ, “ಎದೆ ಹೋಗಿದ್ದು ಗೊತ್ತಿತ್ತು. ಕಿವಿಯೂ ಹೋಯ್ತಾ? ನನಗೊಬ್ಬನಿಗೇ ಕೇಳಿಸ್ತಿಲ್ಲವೋ, ನಿಮಗೂ ಇಲ್ಲವೋ?”



ಗುರುಗಳು ತಿರುಗಿದರು. ಅಂಚಿನಲ್ಲಿ ಎರಡು ಕಣ್ಣು ಕಂಡವು. ಬೈಯಲಿಲ್ಲ. ಮೆಲ್ಲಗೆ ನಡೆದು ಹಿಂದಿನ ಬಾಗಿಲಿನಿಂದ ಹೊರಗೆ ಬಂದರು.

“ಗುರುಗಳೇ, ನೀವು ಹಾಡ್ತಾನೇ ಇಲ್ಲ!” ಅವಳ ದನಿಯಲ್ಲಿ ಕಳ್ಳನನ್ನು ಹಿಡಿದವರ ಗತ್ತಿತ್ತು.

“ಇಲ್ಲ.”

“ಮತ್ತೆ ಆರನೆಯ ಚರಣ?”

“ಅದನ್ನು ಹಾಡುವವರನ್ನು ಹೊಳೆಗೆ ಕಳಿಸಿದ್ದೆ. ಯಾರೋ ಬಾಯಿ ಕಟ್ಟಿದ್ದಾರೆ.”

ನೀಲಗಂಗಾ ದಂಡೆಯ ಕಡೆ ನೋಡಿದಳು. ಮೂವತ್ತು ಮಕ್ಕಳು ಸಾಲಾಗಿ, ಶಿಸ್ತಾಗಿ, ಸದ್ದಿಲ್ಲದೆ ಕೂತಿದ್ದರು. ಕಪ್ಪೆ ನೆನಪಾಯಿತು. ಮೂವತ್ತು ಮಂದಿಗೆ ಒಂದೇ ಬುಟ್ಟಿ ಕೊಡುವ ಜಿಪುಣತನ ನೆನಪಾಯಿತು. ಅಂಗೈ ಬದಲಿಸಿದ ಪರಸಪ್ಪ ನೆನಪಾಗಬೇಕಾಗಿರಲಿಲ್ಲ. ಅವನು ಕಿಟಕಿಯಲ್ಲಿ ಇನ್ನೂ ಕಾಣುತ್ತಿದ್ದ.

ಅವಳ ಗತ್ತು ಇಳಿಯಿತು. “ಹೋಗಿ ಎಲ್ಲರಿಗೂ ಹೇಳಲಾ? ಗಲಾಟೆ ಮಾಡಿ, ಅಜ್ಜ ಕೇಳ್ತಾನೆ ಅಂತ?”

“ಹೇಳು. ಚೆನ್ನಾಗಿ ಮಾಡ್ತಾರೆ. ತಾಳ ಹಿಡಿದು ಮಾಡ್ತಾರೆ. ಅದು ಗಲಾಟೆ ಆಗಲ್ಲ.”

ಅವಳಿಗೆ ಅಳು ಬಂತು. “ಮತ್ತೆ ಏನು ಮಾಡಲಿ?”

ಗುರುಗಳು ಜುಬ್ಬದ ಜೇಬಿಗೆ ಕೈ ಹಾಕಿದರು. ಒಂದು ಎಲಚಿ ಹಣ್ಣು ತೆಗೆದು ಅವಳ ಅಂಗೈಯಲ್ಲಿಟ್ಟರು. ದಪ್ಪನೆಯದು, ಕೆಂಪಗೆ ಮಾಗಿದ್ದು. ಒಂದೇ ಒಂದು.

“ಪಾಲು ಮಾಡಬೇಡ,” ಎಂದು ಒಳಗೆ ಹೋದರು.

ನೀಲಗಂಗಾ ದಂಡೆಗೆ ಓಡಿದಳು. ಹಣ್ಣನ್ನು ಎತ್ತಿ ತೋರಿಸಿ, “ಒಂದೇ ಇರೋದು! ಸಿಕ್ಕಿದವರಿಗೆ ಸೀರುಂಡೆ!” ಎಂದು ಗಂಟಲು ಹರಿಯುವಂತೆ ಕೂಗಿ ಎಸೆದಳು. ಕೂಗುವಾಗ ಮುಖ ಹಜಾರದ ಕಿಟಕಿಗಿತ್ತು.

ಮಕ್ಕಳು ಕದಲಲಿಲ್ಲ. ಇದು ತಮ್ಮನ್ನು ಪರೀಕ್ಷಿಸುವ ಉಪಾಯ ಎಂದು ಅವರಿಗೂ ಅನುಮಾನ. ಒಳ್ಳೆಯ ಮುಂದಾಳು ತನ್ನ ಗುಣವನ್ನು ಮೇಳಕ್ಕೆ ದಾಟಿಸದೆ ಇರುವುದಿಲ್ಲ.

ಹಣ್ಣು ಉರುಳಿ ನೀರಿನಂಚಿಗೆ ನಿಂತಿತು. ಎತ್ತಿಕೊಳ್ಳಲು ಹೋದ ನೀಲಗಂಗಾ ಪಾಚಿಯ ಮೇಲೆ ಜಾರಿದಳು. ಮೊಣಕಾಲವರೆಗೆ ನೀರು. ಕಾಲಿನಿಂದ ಏನೋ ಬಿಡಿಸಿಕೊಂಡು ತೇಲಿ ಹೊರಟಿತು.

“ಅಯ್ಯೋ ನನ್ನ ಎಡಗಾಲ ಚಪ್ಪಲಿ! ಹೊಸದು ಕಣ್ರೋ! ಅವ್ವ ಕೊಲ್ಲುತ್ತಾಳೆ! ಹಿಡೀರೋ!”

ಮೊದಲು ಒಬ್ಬಳು ಕಿಸಕ್ಕೆಂದಳು. ಆಮೇಲೆ ಯಾರೂ ಉಳಿಯಲಿಲ್ಲ.

“ಅಗೋ, ಬಂಡೆ ಹತ್ರ!”

“ಕೋಲು ತಗೊಳ್ಳೇ, ಕೋಲು!”

“ನನ್ನ ಹಣ್ಣು ಮುಟ್ಟಿದ್ಯಾರು? ಕಳ್ಳ, ಉಗುಳೋ!”

“ಚಪ್ಪಲಿ ಕಾಶಿಗೆ ಹೊರಡ್ತು! ಪುಣ್ಯವಂತೆ ಕಣೇ ನೀಲಾ!”

ಮೂವರು ನೀರಿಗಿಳಿದರು. ಇಬ್ಬರು ಬಿದ್ದರು. ಬಿದ್ದವರನ್ನು ಎತ್ತುವ ನೆಪದಲ್ಲಿ ಇನ್ನಿಬ್ಬರು ಅವರ ಹಣ್ಣು ತಿಂದರು. ನೀಲಗಂಗಾ ಒಂಟಿ ಚಪ್ಪಲಿಯಲ್ಲಿ ಕುಂಟುತ್ತಾ ದಂಡೆಯುದ್ದಕ್ಕೂ ಓಡಿದಳು. ಬೈದಳು, ನಕ್ಕಳು, ಮತ್ತೆ ಬೈದಳು. ಹಜಾರವೆಂಬುದೊಂದಿದೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ನೆನಪಾದಾಗ ಹಳಬರು ಹೊರಡುತ್ತಿದ್ದರು. ಪರಸಪ್ಪನ ಆಟೋ ಗೇಟು ದಾಟಿ ಆಗಿತ್ತು.

ಅವಳು ಲಂಗ ಹಿಂಡಿಕೊಳ್ಳುತ್ತಾ ಗುರುಗಳ ಮುಂದೆ ನಿಂತಳು. ಅವರು ಹಾರ್ಮೋನಿಯಂಗೆ ಬಟ್ಟೆ ಹೊದಿಸುತ್ತಿದ್ದರು.

“ಗುರುಗಳೇ, ಅಜ್ಜನಿಗೆ ಕೇಳಿಸಿತಾ?”

“ಕೇಳಿಸಿತು.”

“ನಾನು ಮೊದಲು ಕೂಗಿದ್ದು, ಒಂದೇ ಇರೋದು ಅಂತ... ಅದೂ ಕೇಳಿಸಿತಾ?”

“ಅದೂ ಕೇಳಿಸಿತು.”

“ಅಜ್ಜ ಏನಂದ?”

ಗುರುಗಳು ಬಟ್ಟೆಯ ದಾರ ಬಿಗಿದು ಗಂಟು ಹಾಕಿದರು.

“ಆರನೆಯ ಚರಣ ಈ ವರ್ಷ ಎಡಗಾಲ ಚಪ್ಪಲಿಯಿಂದ ಶುರುವಾಯಿತು ಅಂದ.”