ಮಡಕೆಯೊಳಗಿನ ನೆಂಟರು

ಒಂದೂರಿತ್ತಂತೆ. ಊರು ಅಂದರೆ ಅರ್ಧ ಮಣ್ಣು, ಅರ್ಧ ನೀರು. ಮನೆಗಳಿಗಿಂತ ಹರಿಗೋಲು ಹೆಚ್ಚು, ನಾಯಿಗಿಂತ ಏಡಿ ಹೆಚ್ಚು. ಹೊಳೆಮಗ್ಗುಲು ಅಂತ ಅದರ ಹೆಸರು. ಆ ಊರಿನ ಬೆಸ್ತರ ಯಜಮಾನ ಕರಿಗಂಗಯ್ಯ. ಅವನಿಗೆ ಒಬ್ಬಳೇ ಮಗಳು, ಚಿಕ್ಕತಾಯಿ.

ಆ ಊರಲ್ಲಿ ಹೆಣ್ಣು ಕೊಡಬೇಕಾದರೆ ಜಾತಕ ನೋಡುತ್ತಿರಲಿಲ್ಲವಂತೆ. ಮಡಕೆ ಇಡುತ್ತಿದ್ದರಂತೆ. ಐದು ಮಡಕೆ, ಐದರಲ್ಲೂ ಕೆಸರುನೀರು, ಒಂದೊಂದರಲ್ಲಿ ಒಂದೊಂದು ಮೀನು, ಮಡಕೆಯ ಬಾಯಿಗೆ ಬಟ್ಟೆ. ಹುಡುಗನ ಕಣ್ಣಿಗೂ ಬಟ್ಟೆ. ಅವನು ಕೈ ಹಾಕಬೇಕು, ಮುಟ್ಟಿ ಯಾವ ಮೀನು ಅಂತ ಹೇಳಬೇಕು. ಐದರಲ್ಲಿ ಒಂದು ತಪ್ಪಿದರೂ ಹೆಣ್ಣಿಲ್ಲ. ಇದು ಯಾಕೆ ಅಂದರೆ, ಅವರು ಬೇಸಿಗೆಯಲ್ಲಿ ಬಲೆ ಬಿಟ್ಟು ದಡದ ಪೊಟರೆಗೆ ಕೈ ತೂರಿಸಿ ಮೀನು ಹಿಡಿಯೋ ಜನ. ಪೊಟರೆಯೊಳಗೆ ಕಣ್ಣು ಕೆಲಸಕ್ಕೆ ಬರಲ್ಲ. ಒಳಗಿರೋದು ಮೀನೋ ಹಾವೋ ಅಂತ ಬೆರಳೇ ಹೇಳಬೇಕು.

ಚಿಕ್ಕತಾಯಿಯನ್ನು ಕೇಳಿಕೊಂಡು ಬಂದವನು ಜವರ. ಕುಲದಲ್ಲಿ ಬೆಸ್ತನೇ, ಆದರೆ ತಾಯಿ ತಂದೆ ಇಲ್ಲದೆ ದೂರದ ಬಯಲುಸೀಮೆಯಲ್ಲಿ ಕುರಿ ಕಾಯುತ್ತಾ ಬೆಳೆದವನು. ಮಂದೆ ಹೊಡಕೊಂಡು ಬಂದು ಹೊಳೆಯ ಹತ್ತಿರ ತಂಗಿದವನು, ಕುರಿಗೆ ನೀರು ಕುಡಿಸುವಾಗ ಚಿಕ್ಕತಾಯಿಯನ್ನು ನೋಡಿದ. ಆಮೇಲೆ ಕುರಿಗಳಿಗೆ ದಿನಾ ಬಾಯಾರಿಕೆ ಆಗೋಕೆ ಶುರುವಾಯಿತಂತೆ.

ಜವರ ಮಡಕೆಯಲ್ಲಿ ಸೋತರೆ ಚಿಕ್ಕತಾಯಿ ಯಾರಿಗೆ? ಹರಿಗೋಲಿನ ಪಾಪಣ್ಣನಿಗೆ. ಪಾಪಣ್ಣನಿಗೆ ಆಗಲೇ ತಲೆ ನರೆತಿತ್ತು. ಅವನ ಮಾತು ಮಾತ್ರ ಹದಿನಾರರದ್ದು. ಮಡಕೆಯಲ್ಲಿ ಸೋಲದ ಕೈ ಅವನದು, ಜವರ ಸೋತರೆ ಮುಂದಿನ ಸರದಿ ತನ್ನದೇ ಅಂತ ಕಾದು ಕೂತಿದ್ದ.

ಹೊಳೆಯ ಕಲ್ಲಿನ ಮೇಲೆ ಚಿಕ್ಕತಾಯಿ ಜವರನಿಗೆ ಮೀನು ತೋರಿಸಿದಳಂತೆ. "ಇದು ಬಾಳೆಮೀನು. ಇದು ಕೊರವ. ಇದು ಹಾವುಮೀನು. ಹೇಳು ನೋಡೋಣ."

"ಇದು ಕೊರವ," ಅಂದ ಜವರ, ಬಾಳೆಮೀನು ಹಿಡಕೊಂಡು.

ಮತ್ತೆ ಹೇಳಿಕೊಟ್ಟಳು. ಮತ್ತೆ ಮರೆತ. ಅವಳಿಗೆ ಅಳು ಬಂತು. "ಅಲ್ಲ ಕಣೋ, ಅಷ್ಟು ದೊಡ್ಡ ಮಂದೆಯಲ್ಲಿ ಒಂದೊಂದು ಕುರೀನೂ ಹೇಗೆ ಗುರುತು ಹಿಡೀತೀಯ ನೀನು?"

"ಅದೇನು ಕಷ್ಟ? ಒಂದು ನಮ್ಮ ಗೌಡನ ಥರ ಕೆಮ್ಮುತ್ತೆ. ಇನ್ನೊಂದಕ್ಕೆ ಅಗಸರ ಮುದುಕೀ ಗಲ್ಲ. ಕತ್ತಲಲ್ಲಿ ಕಿವಿ ಮುಟ್ಟಿದರೂ ಸಾಕು, ಯಾರು ಅಂತ ಹೇಳ್ತೀನಿ."

ಚಿಕ್ಕತಾಯಿ ಕಣ್ಣು ಒರೆಸಿಕೊಂಡಳು. ಬಾಳೆಮೀನಿನ ಬಾಯಿ ಅಗಲಿಸಿ ತೋರಿಸಿದಳು. "ಇಲ್ಲಿ ನೋಡು. ಬಾಯಿ ಸೀಳು ಕಣ್ಣಿನ ಆಚೆಗೂ ಹೋಗಿದೆ. ಮೈಮೇಲೆ ಹುರುಪೆ ಇಲ್ಲ, ಎರಡು ಉದ್ದ ಮೀಸೆ. ನಮ್ಮ ಮನೇಲಿ ಹೀಗೆ ಯಾರಿದ್ದಾರೆ?"

"ನಿಮ್ಮ ಸೋದರತ್ತೆ ನಂಜವ್ವ," ಅಂದ ಜವರ, ಒಂದು ಚಣವೂ ತಡೆಯದೆ.

ಹೀಗೆ ಮನೆಯವರನ್ನೆಲ್ಲ ಹೊಳೆಗೆ ಇಳಿಸಿದರಂತೆ. ಚಪ್ಪಟೆ ತಲೆ, ತಲೆ ಮೇಲೂ ಹುರುಪೆ, ಕೆಸರಲ್ಲಿ ಬಿದ್ದರೂ ಸಾಯದ ಕೊರವ ಅಂದರೆ ಹೆಂಡ ಕುಡಿದು ಗದ್ದೆಯಲ್ಲಿ ಮಲಗೋ ಸೋದರಮಾವ ಕುಳ್ಳಯ್ಯ. ಅಂಗೈಯಗಲ, ಬೆಳ್ಳಿ ಹುರುಪೆ, ಒಳಗೆಲ್ಲ ಬರೀ ಮುಳ್ಳಿರೋ ಪಕ್ಕೆಮೀನು ಅಂದರೆ ಒಡವೆ ಹಾಕಿಕೊಂಡು ತಿರುಗೋ ಅತ್ತಿಗೆ, ದೊಡ್ಡಪ್ಪನ ಸೊಸೆ. ಉದ್ದ ಮೈ, ಚೂಪು ಮೂತಿ, ಬೆನ್ನುದ್ದಕ್ಕೂ ಗರಗಸದ ಹಾಗೆ ಮುಳ್ಳಿರೋ ಹಾವುಮೀನು ಅಂದರೆ ಎಲ್ಲರ ಮನೆ ಪಾತ್ರೆಗೂ ಮೂಗು ತೂರಿಸೋ ಚಿಕ್ಕವ್ವ ಹೊಂಬಾಳೆ.

"ಹಂಗಾದರೆ ನಾನು ಯಾವ ಮೀನು?" ಅಂತ ಚಿಕ್ಕತಾಯಿ ತಲೆ ಬಗ್ಗಿಸಿ ಕೇಳಿದಳಂತೆ.

ಜವರ ಬಹಳ ಹೊತ್ತು ಯೋಚಿಸಿದ. "ನೀನು ನಮ್ಮ ಬಿಳಿಗಿವಿ ಕುರಿ," ಅಂದ.

ಅವಳು ಆವತ್ತು ಎದ್ದೇ ಹೋದಳಂತೆ.

ಮಡಕೆ ಇಡೋ ದಿನ ಬಂತು. ಹುಣಸೆಮರದ ಕೆಳಗೆ ಊರಿಗೆ ಊರೇ ಸೇರಿತು. ನ್ಯಾಯ ಹೇಳೋಕೆ ಕೆಂಪಜ್ಜಿ ಕೂತಿದ್ದಳು. ಅವಳು ಊರಿಗೆಲ್ಲ ಹಿರಿಯಳು, ಬಾಯಲ್ಲಿ ಎಲೆಅಡಿಕೆ, ಕೈಯಲ್ಲಿ ಕೋಲು. ಜವರನ ಕಣ್ಣಿಗೆ ಬಟ್ಟೆ ಕಟ್ಟಿದರು. ಕಟ್ಟಿದ್ದೇ ತಡ, ಅವನಿಗೆ ಕಲಿತ ಹೆಸರೆಲ್ಲ ಹೊಳೆಪಾಲಾಯಿತು. ಒಂದು ಮೀನಿನ ಹೆಸರೂ ನೆನಪಿಲ್ಲ.

ಮೊದಲನೇ ಮಡಕೆಗೆ ಕೈ ಹಾಕಿದ. ನುಣ್ಣಗಿತ್ತು. ಬಾಯಿ ಎಲ್ಲಿ ಮುಗಿಯುತ್ತೆ ಅಂತ ಬೆರಳು ಹುಡುಕಿದರೆ ಅದು ಮುಗಿಯಲೇ ಇಲ್ಲ. ಜವರನ ಮುಖ ಅರಳಿತು.

"ಇದು ನಂಜವ್ವ," ಅಂದ.

ನಂಜವ್ವ ಬಾಯಿ ತೆರೆದಳು. ತೆರೆದ ಬಾಯಿ ಎರಡೂ ಕಿವಿಯ ಹತ್ತಿರಕ್ಕೆ ಹೋಯಿತು. ಅದನ್ನು ನೋಡಿ ಯಾರೋ ಹಿಂದಿನಿಂದ ಕಿಸಕ್ಕಂದರು.

ಕೆಂಪಜ್ಜಿ ಬಟ್ಟೆ ಸರಿಸಿ ಮಡಕೆ ಇಣುಕಿದಳು. ನಂಜವ್ವನನ್ನು ನೋಡಿದಳು. ಮತ್ತೆ ಮಡಕೆ ನೋಡಿದಳು. ಬಾಯಲ್ಲಿದ್ದ ಎಲೆಅಡಿಕೆ ಮಡಿಲಿಗೆ ಬಿತ್ತು.

"ತಪ್ಪು, ತಪ್ಪು," ಅಂತ ಪಾಪಣ್ಣ ಎದ್ದ. "ಅದು ಬಾಳೆಮೀನು. ಹೆಸರು ಹೇಳಲಿಲ್ಲ ಅವನು."

"ಕೂತ್ಕೊಳೋ," ಅಂದಳು ಅಜ್ಜಿ. "ಪೊಟರೆಗೆ ಕೈ ಹಾಕಿದವನಿಗೆ ಹೆಸರು ಬೇಕೋ, ಬೆರಳು ಬೇಕೋ? ಹುಡುಗಾ, ನಂಜವ್ವ ಅಂತ ಹೇಗೆ ಗೊತ್ತಾಯಿತು ಹೇಳು."

"ಬಾಯಿ ಕಣ್ಣಿನ ಆಚೆಗಿದೆ ಅಜ್ಜಿ. ಹುರುಪೆ ಇಲ್ಲ. ಮೀಸೆ ಎರಡು ಉದ್ದ."

"ನನಗೆಲ್ಲೋ ಮೀಸೆ?" ಅಂದಳು ನಂಜವ್ವ.

"ಗುರುತು ಸರಿ," ಅಂದಳು ಅಜ್ಜಿ. "ಮುಂದಿನ ಮಡಕೆ."

ಎರಡನೇದಕ್ಕೆ ಕೈ ಹಾಕಿ "ಕುಳ್ಳಯ್ಯ ಮಾವ" ಅಂದ. ಚಪ್ಪಟೆ ತಲೆ, ತಲೆ ಮೇಲೆ ಹುರುಪೆ, ಕುತ್ತಿಗೆಯಿಂದ ಬಾಲದವರೆಗೂ ಒಂದೇ ರೆಕ್ಕೆ ಅಂತ ವಿವರ ಕೊಟ್ಟ. ಕೊರವವೇ ಇತ್ತು. ಕುಳ್ಳಯ್ಯನಿಗೆ ಸಂತೋಷವೇ ಆಯಿತು, ಕೊರವ ಒಳ್ಳೇ ಬೆಲೆಯ ಮೀನು ಅಂತ. ಮೂರನೇದು ಅತ್ತಿಗೆ. ಅವಳು ಎದ್ದು ಹೋದಳು, ಒಡವೆ ಝಲ್ಲನ್ನುತ್ತಾ.

ನಾಲ್ಕನೇ ಮಡಕೆಗೆ ಕೈ ಇಳಿಸಿದ ಜವರ ಅಲ್ಲಾಡದೆ ನಿಂತ. ಮೈ ನುಣುಪು. ಸಣ್ಣ ತಲೆ. ಮೂತಿ ಸುತ್ತ ಮೀಸೆಯೋ ಮೀಸೆ. ಅವನು ಕೈಯನ್ನು ಮೆಲ್ಲಗೆ ಹೊಟ್ಟೆಯ ಅಡಿಗೆ ಜಾರಿಸಿದ.

"ಹೇಳೋ," ಅಂದ ಕರಿಗಂಗಯ್ಯ, ಮೀಸೆ ತಿರುವುತ್ತಾ.

"ಮಾವ, ಇದನ್ನ ಹೇಳೋಕೆ ನಾಲಗೆ ಬರ್ತಿಲ್ಲ."

"ಹೇಳದಿದ್ದರೆ ಸೋತೆ."

"ಹಂಗಾದರೆ ಹೇಳ್ತೀನಿ. ಎಂಟು ಮೀಸೆ ಇದೆ. ಪಕ್ಕದಲ್ಲಿ ಹಿಡಿದರೆ ಚುಚ್ಚುತ್ತೆ, ಚುಚ್ಚಿದರೆ ದಿನವೆಲ್ಲ ಉರಿ. ಆದರೆ ಹೊಟ್ಟೆಯ ಕೆಳಗೆ ಮೆತ್ತಗೆ ಕೈಯಿಟ್ಟರೆ ಸುಮ್ಮನಾಗಿಬಿಡುತ್ತೆ. ಇದು ನೀವೇ ಮಾವ."

ಅಜ್ಜಿ ಇಣುಕಿದರೆ ಮಡಕೆಯಲ್ಲಿ ಚೇಳುಮೀನು. ಕರಿಗಂಗಯ್ಯನ ಕೈ ಮೀಸೆ ಮೇಲೇ ನಿಂತುಹೋಯಿತು. ಮೊದಲು ನಕ್ಕಿದ್ದು ಅವನ ಹೆಂಡತಿಯಂತೆ. ಸೆರಗು ಬಾಯಿಗೆ ತುರುಕಿಕೊಂಡಳು, ಆದರೂ ನಗು ಪಕ್ಕದಿಂದ ಸೋರಿತು. "ಹೊಟ್ಟೆ ವಿಷಯ ನನಗೊಬ್ಬಳಿಗೇ ಗೊತ್ತಿತ್ತು ಅಂದ್ಕೊಂಡಿದ್ದೆ," ಅಂದಳು. ಊಟ ಹಾಕಿದರೆ ಅವನ ಸಿಟ್ಟು ಇಳಿಯುತ್ತಿತ್ತು.

ಇನ್ನು ಉಳಿದದ್ದು ಒಂದೇ ಮಡಕೆ. ಚಿಕ್ಕತಾಯಿ ಹುಣಸೆಮರಕ್ಕೆ ಒರಗಿ ಕಣ್ಣು ಮುಚ್ಚಿಕೊಂಡಳು. ಉಳಿದದ್ದು ಹಾವುಮೀನು ಅಂತ ಅವಳಿಗೆ ಗೊತ್ತು. ಆ ಮಡಕೆಗೆ ನೀರು ತುಂಬಿದವಳೇ ಅವಳು.

ಜವರ ಕೈ ಹಾಕಿದ. ಉದ್ದ ಮೈ ಕೈಗೆ ಸುತ್ತಿಕೊಂಡಿತು. "ಚಿಕ್ಕವ್..." ಅಂತ ಬಾಯಿ ತೆರೆದವನು ಹಾಗೇ ನಿಲ್ಲಿಸಿದ. ಬೆನ್ನು ಸವರಿದ. ಮೂತಿ ಹುಡುಕಿದ. ಕೆನ್ನೆಯ ಹತ್ತಿರ ಬೆರಳಾಡಿಸಿದ.

"ಅಜ್ಜಿ," ಅಂದ ಜವರ, "ಇವರು ಈ ಮನೆಯೋರಲ್ಲ."

"ಏನಂದೆ?"

"ಮೂತಿ ಮೊಂಡು. ಬೆನ್ನ ಮೇಲೆ ಮುಳ್ಳಿಲ್ಲ. ಕೆನ್ನೆ ಪಕ್ಕ ರೆಕ್ಕೆ ಇಲ್ಲ. ನಮ್ಮ ಚಿಕ್ಕವ್ವ ಹೊಂಬಾಳೆ ಹೀಗಿಲ್ಲ. ಚಿಕ್ಕವ್ವನನ್ನ ಯಾರೋ ಕದ್ದಿದ್ದಾರೆ ಅಜ್ಜಿ."

"ನಾನು ಇಲ್ಲೇ ಇದ್ದೀನಲ್ಲೋ," ಅಂದಳು ಹೊಂಬಾಳೆ, ಎಲ್ಲರಿಗಿಂತ ಮುಂದೆ ಮೂಗು ಚಾಚಿಕೊಂಡು.

ಜವರ ಕೈ ಮೇಲೆತ್ತಿದ. ಮೊಣಕೈವರೆಗೂ ಸುತ್ತಿಕೊಂಡಿತ್ತು ಒಂದು ಒಳ್ಳೆಹಾವು. ಜನ ಚೆಲ್ಲಾಪಿಲ್ಲಿ ಆದರು. ಕಣ್ಣು ಕಟ್ಟಿದ್ದ ಜವರನೊಬ್ಬನೇ ನೆಮ್ಮದಿಯಾಗಿ ನಿಂತಿದ್ದನಂತೆ. ಕೆಂಪಜ್ಜಿ ಕೋಲಿನಿಂದ ಅದನ್ನು ಬಿಡಿಸಿ ಹೊಳೆಯ ಕಡೆ ಎಸೆದಳು. ಆಮೇಲೆ ಸುತ್ತ ನೋಡಿ ಕೇಳಿದಳು: "ಹಾವು ಕಂಡ ಮೇಲೆ ಎಲ್ಲರೂ ಓಡಿದರು, ಸರಿ. ಕಾಣೋ ಮೊದಲೇ ಮರ ಹತ್ತಿದವನು ಯಾರು?"

ಎಲ್ಲರೂ ಕತ್ತೆತ್ತಿದರು. ಪಾಪಣ್ಣ ಹುಣಸೆಮರದ ಕೊಂಬೆ ಮೇಲೆ ಕೂತಿದ್ದ. ಬೆಳಗಿನಿಂದ ತಲೆಯ ಒದ್ದೆ ರುಮಾಲನ್ನು ಯಾಕೆ ಮುಟ್ಟಿಮುಟ್ಟಿ ನೋಡುತ್ತಾನೆ, ಯಾಕೆ ಮುಖ ಕಿವಿಚುತ್ತಾನೆ ಅಂತ ಯಾರಿಗೂ ತಿಳಿದಿರಲಿಲ್ಲ. ಈಗ ತಿಳಿಯಿತು. ರುಮಾಲಿನ ಮಡಿಕೆಯಿಂದ ಒಂದು ಚೂಪು ಮೂತಿ ಹೊರಗೆ ಬಂತು, ಆಚೆ ಈಚೆ ನೋಡಿತು, ಅವನ ನೆತ್ತಿಗೆ ಮುಳ್ಳು ಗೀರಿ ಜಾರಿತು, ನೆಟ್ಟಗೆ ಹೊಂಬಾಳೆಯ ಮಡಿಲಿಗೆ ಬಿತ್ತು.

ಜವರ ಸದ್ದಿನ ಕಡೆ ಹೋಗಿ ತಡಕಿ ಮುಟ್ಟಿದ. "ಸಿಕ್ಕಿದರು ಚಿಕ್ಕವ್ವ," ಅಂದ.

"ಐದೂ ಸರಿ," ಅಂದಳು ಕೆಂಪಜ್ಜಿ. "ಇರದೇ ಇದ್ದದ್ದನ್ನೂ ಹೇಳಿದ, ಅದು ಆರನೇದು. ಪಾಪಣ್ಣಾ, ನೀನು ಅಲ್ಲೇ ಇರು. ಹುಣಸೆಹಣ್ಣು ಉದುರಿಸು, ಮದುವೆ ಸಾರಿಗೆ ಬೇಕು."

ಕರಿಗಂಗಯ್ಯ ಇನ್ನೂ ಮೀಸೆ ಹಿಡಕೊಂಡೇ ಇದ್ದ. "ಎಲ್ಲರನ್ನೂ ಮೀನು ಮಾಡಿದೆಯಲ್ಲ, ನನ್ನ ಮಗಳು ಯಾವ ಮೀನು? ಅದನ್ನೂ ಹೇಳಿಬಿಡು."

ಚಿಕ್ಕತಾಯಿ ಬೇಡ ಬೇಡ ಅಂತ ಕೈ ಆಡಿಸಿದಳು. ಕಣ್ಣು ಕಟ್ಟಿದವನಿಗೆ ಅದು ಹೇಗೆ ಕಾಣಬೇಕು?

"ಅವಳು ಮೀನಲ್ಲ ಮಾವ," ಅಂದ ಜವರ. "ನನ್ನ ಬಿಳಿಗಿವಿ ಕುರಿ. ಮಂದೆ ಎಷ್ಟೇ ದೊಡ್ಡದಿರಲಿ, ಸಂಜೆ ನಾನು ಮೊದಲು ಹುಡುಕೋದು ಅದನ್ನೇ."

ಚಿಕ್ಕತಾಯಿ ಈ ಸಲ ಎದ್ದು ಹೋಗಲಿಲ್ಲವಂತೆ. ಬಂದು ಅವನ ಕಣ್ಣಿನ ಬಟ್ಟೆ ಬಿಚ್ಚಿದಳಂತೆ.

ಮದುವೆಯಾಯಿತು. ಮದುವೆ ಊಟದಲ್ಲಿ ನಂಜವ್ವ ಬಾಳೆಮೀನು ಮುಟ್ಟಲಿಲ್ಲ, ಕುಳ್ಳಯ್ಯ ಕೊರವವನ್ನು ಮಾತ್ರ ಉಂಡ, ಕರಿಗಂಗಯ್ಯನ ಎಲೆಗೆ ಅವನ ಹೆಂಡತಿ ಮೊದಲು ಬಡಿಸಿದಳು, ಅವನು ಸುಮ್ಮನಾದ. ಆ ಹೊಳೆಯ ದಡದಲ್ಲಿ ಈಗಲೂ ಪೊಟರೆಗೆ ಕೈ ಹಾಕಿದವನನ್ನು "ಯಾರು ಸಿಕ್ಕಿದರು?" ಅಂತಲೇ ಕೇಳುತ್ತಾರಂತೆ.

ಅವರು ಅಲ್ಲಿ ಹುಳಿ ಸಾರು ಉಂಡು ಕೈ ತೊಳೆದರು. ಕಥೆ ಹೇಳಿದ ನಾನು ಇಲ್ಲಿ ಹಲ್ಲಿನ ಸಂದಿಯ ಮುಳ್ಳು ತೆಗೆಯುತ್ತಾ ಕೂತಿದ್ದೇನೆ.